ಟೈಲರಮ್ಮನ ಸಾಕ್ಷಿ

ಟೈಲರಮ್ಮ ಮಾತಿಗೆ ನಿಂತರೆ ಯಾರೂ ಗಡಿಯಾರ ನೋಡುವುದಿಲ್ಲ ಎಂದು ಅವರ ಚರ್ಚಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಎಂಥ ಸಣ್ಣ ಸಂಗತಿಯನ್ನೂ ಅವಳು ಅಳತೆ ತೆಗೆದು, ಕತ್ತರಿಸಿ, ಅಂಚು ಮಡಿಚಿ, ಇಸ್ತ್ರಿ ಹಾಕಿ ಮುಂದಿಡುತ್ತಿದ್ದಳು. ಕೈಯಲ್ಲಿದ್ದ ಗುಣ ನಾಲಿಗೆಗೂ ಇಳಿದಿತ್ತು. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಮಷೀನು ಹಾಕಿಕೊಂಡು, ಶಾಲೆಯ ಯೂನಿಫಾರ್ಮು ಹೊಲಿದು ಮಗನನ್ನು ದೊಡ್ಡವನನ್ನಾಗಿ ಮಾಡಿದವಳು. ಈಗ ಮಗ ಅದೇ ಶಾಲೆಯ ಬಸ್ಸು ಓಡಿಸುತ್ತಿದ್ದ. ಸೊಸೆ ಆಸ್ಪತ್ರೆಯಲ್ಲಿ ರೋಗಿಗಳ ಊಟದ ಗಾಡಿ ತಳ್ಳುತ್ತಿದ್ದಳು. ಒಳಗಿನ ಕೋಣೆಯ ಮಂಚದ ಮೇಲೆ ಟೈಲರಮ್ಮನ ಅತ್ತೆ. ಕಣ್ಣು ಮಂಜಾಗಿದ್ದರೂ ಮುದುಕಿಯ ಕಿವಿ, ಬಾಯಿ ಎರಡೂ ಚುರುಕು.

ಆ ವರ್ಷ ಪಾದ್ರಿಗಳು ಒಂದು ಹೊಸ ಮಾತು ಹಿಡಿದಿದ್ದರು. "ನೀವು ಬಾಯಲ್ಲಿ ಹೇಳೋದು ಆಮೇಲೆ. ನೀವು ಬದುಕೋದನ್ನ ನೋಡಿ ಪಕ್ಕದ ಮನೆಯವರಿಗೆ ದೇವರ ಮೇಲೆ ಆಸೆ ಹುಟ್ಟಬೇಕು. ಪ್ರತಿಯೊಬ್ಬರೂ ಒಬ್ಬರನ್ನ ಕರ್ಕೊಂಡು ಬನ್ನಿ" ಎಂದಿದ್ದರು. ಭಾನುವಾರಕ್ಕೊಬ್ಬರು ಎದ್ದು ನಿಂತು, ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಸಾಕ್ಷಿ ಹೇಳುವ ಪದ್ಧತಿಯೂ ಅಲ್ಲಿತ್ತು. ಟೈಲರಮ್ಮನಿಗೆ ಆ ಒಬ್ಬರು ಯಾರೆಂದು ಹುಡುಕುವ ಕಷ್ಟವಿರಲಿಲ್ಲ. ಅವಳ ಹತ್ತಿರ ಕಾಜಾ ಹೊಲಿಯುವುದಕ್ಕೆ, ಗುಂಡಿ ಹಾಕುವುದಕ್ಕೆ ಬರುತ್ತಿದ್ದ ಹೆಂಗಸೊಬ್ಬಳಿದ್ದಳು. ಎಲ್ಲರೂ ಕಾಜಾದಕ್ಕ ಎನ್ನುತ್ತಿದ್ದರು. ದೇವರು ದಿಂಡರ ಗೋಜಿಗೆ ಹೋದವಳಲ್ಲ. ಗಂಡ ಪೇಂಟರು, ಸಂಜೆಯಾದರೆ ಕುಡಿತವೆಂದು ಬೀದಿಗೆಲ್ಲ ಗೊತ್ತು. ಟೈಲರಮ್ಮ ವರ್ಷದಿಂದ ಅವಳನ್ನು ಕರೆಯುತ್ತಲೇ ಇದ್ದಳು. ಕಾಜಾದಕ್ಕ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದಳು.

ಕೊನೆಗೆ, "ಈ ಭಾನುವಾರ ಸಾಕ್ಷಿ ಹೇಳೋದು ನಾನೇ ಕಣೆ, ನನಗೋಸ್ಕರನಾದ್ರೂ ಬಾ" ಎಂದಾಗ ಅವಳು ಒಪ್ಪಿದಳು.

ಶನಿವಾರ ಊಟಕ್ಕೆ ಕೂತಾಗ ಅತ್ತೆ ವಿಷಯ ತೆಗೆದಳು. "ಏನು ಹೇಳ್ತೀಯ ನಾಳೆ?"

"ದೇವರು ಬಾಯಿಗೆ ಕೊಟ್ಟಿದ್ದು."

"ನಿನ್ನ ಬಾಯಿಗೆ ದೇವರೇ ಬೇಕಾ? ಅದು ತಾನಾಗೇ ಹೊರಡುತ್ತೆ."

ಮಗ ರೊಟ್ಟಿ ಮುರಿಯುತ್ತಿದ್ದವನು ತಲೆ ಎತ್ತಿದ. "ಅಮ್ಮ, ನನ್ನ ವಿಷ್ಯ ಎತ್ತಬೇಡ."

"ಹೆಸರು ಹೇಳಲ್ಲ ಕಣೋ. ಮಗ ಅಂತೀನಿ ಅಷ್ಟೆ."

"ನಿನಗಿರೋನು ಒಬ್ಬನೇ ಮಗ" ಎಂದಳು ಅತ್ತೆ.

ಸೊಸೆ ಬೇಳೆಯ ಪಾತ್ರೆಯನ್ನು ಅಗತ್ಯಕ್ಕಿಂತ ಜೋರಾಗಿ ಕೆಳಗಿಟ್ಟಳು. ಟೈಲರಮ್ಮ ಅದನ್ನು ಕೇಳಿಸಿಕೊಂಡಳು, ಕೇಳಿಸದವಳ ಹಾಗೆ ಇನ್ನೊಂದು ಮೊಟ್ಟೆಯನ್ನು ಮಗನ ತಟ್ಟೆಗೆ ಹಾಕಿದಳು.

ನಡೆದ ಸಂಗತಿ ಇಷ್ಟು. ಮಗನಿಗೂ ಕುಡಿತ ಹತ್ತಿತ್ತು. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವನು ಬಸ್ಸಿನ ಶೆಡ್ಡಿನವರೆಗೆ ಹೋಗಿ, ಹಾಗೇ ವಾಪಸು ಬಂದು, ಹೊಸ್ತಿಲ ಮೇಲೆ ಕುಸಿದಿದ್ದ. "ಕೈ ನಡುಗ್ತಿದೆ ಅಮ್ಮ. ರಾತ್ರಿದು ಇನ್ನೂ ಇಳಿದಿಲ್ಲ. ಮಕ್ಕಳನ್ನ ಕೂರಿಸ್ಕೊಂಡು ಹೋಗಲಾರೆ. ಜ್ವರ ಅಂತ ಫೋನ್ ಮಾಡಿಬಿಡು" ಎಂದು ಅತ್ತಿದ್ದ. ಅವಳು ಫೋನು ಮಾಡಿ ಜ್ವರ ಎಂದಳು. ಆ ದಿನದಿಂದ ಅವನು ಕುಡಿತ ಮುಟ್ಟಿರಲಿಲ್ಲ. ಬೇರೆ ಏನೂ ನಡೆದಿರಲಿಲ್ಲ.

ಭಾನುವಾರ ಚರ್ಚು ತುಂಬಿತ್ತು. ಟೈಲರಮ್ಮ ಶುರುಮಾಡಿದ್ದು ನಿಜದಿಂದಲೇ. ಮಗನ ಕುಡಿತ, ತನ್ನ ಕಣ್ಣೀರು, ಖಾಲಿ ತಟ್ಟೆಯ ಮುಂದೆ ಕಾಯುತ್ತ ಕೂರುವುದು. ಜನ ಕೇಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಕಾಜಾದಕ್ಕ ಕೈಕಟ್ಟಿ ಕೂತಿದ್ದು ಕಂಡಿತು. ಇವಳ ಎದೆಗೆ ತಾಗುವ ಹಾಗೆ ಹೇಳಬೇಕು ಅನ್ನಿಸಿತು. ಹೊಸ್ತಿಲ ಮೇಲೆ ಕುಸಿದ ಮಗನ ಚಿತ್ರ ಅವಳಿಗೇ ಸಪ್ಪೆಯಾಗಿ ಕಂಡಿತು. ಉಪ್ಪುಖಾರ ಹಚ್ಚಿದಳು.

"ಆ ದಿನ ನನ್ನ ಮಗ ಕುಡಿದ ಮತ್ತಿನಲ್ಲೇ ಬಸ್ಸು ಹತ್ತಿದ. ಬಸ್ಸಿನ ತುಂಬ ಪುಟ್ಟ ಮಕ್ಕಳು. ರೈಲ್ವೆ ಗೇಟಿನ ಇಳಿಜಾರಿನಲ್ಲಿ ಅವನ ಕಾಲು ಮರಗಟ್ಟಿ ಹೋಯಿತು. ಯಾವುದೋ ಕೈ ಬಂದು ಬ್ರೇಕು ಹಾಕಿತು. ಅದೇ ಹೊತ್ತಿಗೆ ಇಲ್ಲಿ ಮನೆಯಲ್ಲಿ ನಾನು ಮೊಣಕಾಲೂರಿದ್ದೆ!"

ಚರ್ಚಿನಲ್ಲಿ ಯಾರೋ ಬಿಕ್ಕಿದರು. ಪಾದ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಮೂರನೆಯ ಸಾಲಿನಲ್ಲಿ ಮಗ ಗದ್ದವನ್ನು ಎದೆಗೆ ಊರಿಕೊಂಡು ಕೂತಿದ್ದ. ಅವನ ಕಿವಿಗಳು ಕೆಂಪಾಗಿದ್ದವು. ಸೊಸೆ ಎದ್ದು ಹೊರಟುಹೋದಳು. ಪಾಪ, ಅಳು ತಡೆಯಲಾರದೆ ಹೋದಳು ಎಂದುಕೊಂಡಳು ಟೈಲರಮ್ಮ.

ಮನೆಗೆ ಬಂದ ಮೇಲೆ ಮಗ ಕೂಗಾಡಲಿಲ್ಲ. ಉಣ್ಣದೆ ಮಲಗಿದ. ಸೊಸೆ ಮಾತ್ರ ಬಾಗಿಲಲ್ಲಿ ನಿಂತು, "ಸಮಾಧಾನ ಆಯ್ತಾ?" ಎಂದು ಕೇಳಿ ಒಳಗೆ ಹೋದಳು.

ಸೋಮವಾರ ಕಾಜಾದಕ್ಕ ಎಂದಿನಂತೆ ಬಂದು ಸ್ಟೂಲಿನ ಮೇಲೆ ಕೂತಳು. ಟೈಲರಮ್ಮ ಸ್ವಲ್ಪ ಹೊತ್ತು ಮಷೀನು ತುಳಿದು, ತಡೆಯಲಾರದೆ ಕೇಳಿದಳು. "ಹೇಗಿತ್ತು ನಿನ್ನೆ?"

"ಚೆನ್ನಾಗಿ ಹೇಳಿದ್ರಿ. ನನ್ನ ಪಕ್ಕದಲ್ಲಿ ಕೂತಿದ್ದೋರು ಅತ್ತೂ ಅತ್ತೂ ಕರ್ಚೀಫು ಹಿಂಡಿದ್ರು."

"ನಿನಗೇನನ್ನಿಸ್ತು?"

ಕಾಜಾದಕ್ಕ ದಾರ ಕಡಿದಳು. "ಆ ದಿನ ನಾನೂ ಇಲ್ಲೇ ಕೂತಿದ್ದೆನಲ್ಲ ಅಮ್ಮ. ಈ ಸ್ಟೂಲಿನ ಮೇಲೇ. ನಿಮ್ಮ ಮಗನಿಗೆ ನೀರು ತಂದುಕೊಟ್ಟಿದ್ದು ನಾನೇ."

ಟೈಲರಮ್ಮನ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಅವಳು ಆ ಬೆಳಗಿನ ಎಲ್ಲವನ್ನೂ ನೆನಪಿಟ್ಟುಕೊಂಡಿದ್ದಳು, ನೀರು ತಂದವಳನ್ನು ಬಿಟ್ಟು. ಏನೋ ಹೇಳಬೇಕೆಂದು ಬಾಯಿ ತೆರೆದಳು. "ಅದು... ಸಾಕ್ಷಿ ಅಂದ್ರೆ ಸ್ವಲ್ಪ..." ಎಂದಳು. ಕಾಜಾದಕ್ಕ ಮುಂದಿನ ಗುಂಡಿ ಎತ್ತಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದೇ ವಾರ ಶಾಲೆಯಿಂದ ಮಗನಿಗೆ ಕರೆ ಬಂತು. ಭಾನುವಾರ ಚರ್ಚಿನಲ್ಲಿ ಕೂತಿದ್ದ ತಾಯಿಯೊಬ್ಬಳ ಎರಡು ಮಕ್ಕಳು ಅವನ ಬಸ್ಸಿನಲ್ಲೇ ಹೋಗುತ್ತಿದ್ದವು. ಅವಳು ಇನ್ನೊಬ್ಬಳಿಗೆ ಹೇಳಿ, ಅವಳು ಮತ್ತೊಬ್ಬಳಿಗೆ ಹೇಳಿ, ಗೇಟಿನ ಮುಂದೆ ತಾಯಂದಿರು ಗುಂಪು ಕಟ್ಟಿದ್ದರು. ಬಸ್ಸುಗಳ ಉಸ್ತುವಾರಿ ನೋಡುವ ಮ್ಯಾನೇಜರು ಹೆಚ್ಚು ಮಾತಾಡಲಿಲ್ಲ. ಕೀಲಿ ತೆಗೆದುಕೊಂಡು ಕಳಿಸಿಬಿಟ್ಟ.

ಆ ಮಧ್ಯಾಹ್ನ ಮನೆಯಲ್ಲಿ ನಡೆದದ್ದು ಬೀದಿಯ ಕೊನೆಯವರೆಗೆ ಕೇಳಿಸಿರಬೇಕು.

"ಹೊಲಿಯೋ ಬಟ್ಟೆ ಸಾಲದು ಅಂತ ಇವರನ್ನೂ ಕತ್ತರಿಸಿಬಿಟ್ರಲ್ಲ ಅತ್ತೆ!" ಎಂದು ಸೊಸೆ ಕಿರುಚಿದಳು. "ಯಾವತ್ತು ಕುಡಿದು ಬಸ್ಸು ಹತ್ತಿದ್ರು ಇವರು? ಹೇಳಿ, ಯಾವತ್ತು?"

"ನಾನೇನು ಕೆಟ್ಟದಾಗಲಿ ಅಂತ ಹೇಳಿದ್ನಾ? ನಾಲ್ಕು ಜನಕ್ಕೆ ಒಳ್ಳೇದಾಗಲಿ ಅಂತ..."

"ನಾಲ್ಕು ಜನಕ್ಕೆ ಒಳ್ಳೇದು ಮಾಡಕ್ಕೆ ನಿಮಗೆ ಸಿಕ್ಕಿದ್ದು ನನ್ನ ಗಂಡನ ಮಾನಾನಾ?"

"ಬಾಯಿ ಮುಚ್ಚಿ ಇಬ್ರೂ" ಎಂದಳು ಮುದುಕಿ ಒಳಗಿನಿಂದ. "ಅವನನ್ನ ಮಾತಾಡಕ್ಕೆ ಬಿಡಿ."

ಮಗ ಮಷೀನಿನ ಪಕ್ಕ ನಿಂತಿದ್ದ. ಅವನ ದನಿ ಏರಲಿಲ್ಲ. "ಅಮ್ಮ, ನಾನು ಕುಡೀತಿದ್ದೆ, ಸುಳ್ಳು ಹೇಳ್ತಿದ್ದೆ, ಇವಳನ್ನ ಅಳಿಸಿದೀನಿ. ಎಲ್ಲ ನಿಜ. ಆದ್ರೆ ಕುಡಿದು ಆ ಮಕ್ಕಳನ್ನ ಕೂರಿಸ್ಕೊಳ್ಳಲಿಲ್ಲ. ಆ ದರಿದ್ರ ಕಾಲದಲ್ಲಿ ನಾನು ಮಾಡಿದ ಒಳ್ಳೇದು ಅದೊಂದೇ. ನೀನು ಅದನ್ನೇ ತಗೊಂಡುಬಿಟ್ಟೆ."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಸಂಜೆಯಾಯಿತು, ಬರಲಿಲ್ಲ. ದಿನಾ ಈ ಹೊತ್ತಿನಲ್ಲಿ ಶೆಡ್ಡಿನಲ್ಲಿರುತ್ತಾನೆಂದು ಟೈಲರಮ್ಮ ತಿಳಿದಿದ್ದಳು; ಇವತ್ತು ಶೆಡ್ಡೂ ಇರಲಿಲ್ಲ. ಸೊಸೆ ರೊಟ್ಟಿ ಮಾಡಿ ಮುಚ್ಚಿಟ್ಟಳು. ಯಾರೂ ತಟ್ಟೆ ಹಾಕಲಿಲ್ಲ. ಟೈಲರಮ್ಮ ಶಾಲು ಹೊದ್ದುಕೊಂಡು ಹೊರಟಳು. ಸಾರಾಯಿ ಅಂಗಡಿಗಳ ಸಾಲಿನ ಮುಂದೆ ತಾನು ಎಂದೂ ನಡೆದವಳಲ್ಲ. ಒಂದೊಂದು ಬಾಗಿಲಲ್ಲೂ ಇಣುಕಿದಳು. ಒಬ್ಬ ಹುಳ್ಳಗೆ ನಗುತ್ತ, "ಯಾರು ಬೇಕು ತಾಯಿ?" ಎಂದ. ಅವನು ಅವಳ ಹತ್ತಿರವೇ ಪ್ಯಾಂಟು ಹೊಲಿಸಿಕೊಂಡವನು. ಅವಳು ಶಾಲನ್ನು ಹಣೆಯ ಮೇಲೆ ಎಳೆದುಕೊಂಡು ಮುಂದೆ ಹೋದಳು. ಮಗನಿಗಿಂತ ಮೊದಲು ತನ್ನ ಮುಖ ಬಚ್ಚಿಡುವುದು ನೆನಪಾಯಿತಲ್ಲ ಎಂದು ಮತ್ತೆ ನಾಚಿಕೆಯಾಯಿತು.

ಬೀದಿಯ ತಿರುವಿನಲ್ಲಿ ಸೊಪ್ಪು ಹಿಡಿದುಕೊಂಡು ಬರುತ್ತಿದ್ದ ಕಾಜಾದಕ್ಕ ಸಿಕ್ಕಳು.

"ಇಲ್ಲೇನು ಮಾಡ್ತಿದೀರಿ?"

"ಮಗ..." ಎಂದಳು.

"ಅಯ್ಯೋ, ನಮ್ಮನೇಲಿದಾನೆ. ದಿನಾ ಇದೇ ಹೊತ್ತಿಗೆ ಬರ್ತಾನಲ್ಲ. ಬನ್ನಿ."

ಕಾಜಾದಕ್ಕನ ಮನೆ ಒಂದೇ ಕೋಣೆಯದು. ಒಲೆಯ ಮುಂದೆ ಪೇಂಟರು ಹಿಟ್ಟು ಮೆತ್ತಿದ ಕೈಯಲ್ಲಿ ರೊಟ್ಟಿ ಬೇಯಿಸುತ್ತಿದ್ದ. ಪಕ್ಕದಲ್ಲಿ ಕೂತು ಮಗ ಲಟ್ಟಿಸುತ್ತಿದ್ದ. "ಇದೇನು ರೊಟ್ಟಿನಾ, ಗೋಡೆಗೆ ಬಳಿಯೋ ಪುಟ್ಟೀನಾ?" ಎಂದು ಮಗ ಕೇಳುತ್ತಿದ್ದ. ಪೇಂಟರು, "ನೀನು ಲಟ್ಟಿಸಿದ್ದು ಗುಂಡಗಿದ್ರೆ ತಾನೆ ನಾನು ಬೇಯಿಸೋದು ನೆಟ್ಟಗಿರೋದು!" ಎಂದ. ಟೈಲರಮ್ಮನನ್ನು ಕಂಡು ಮಗ ಮತ್ತೆ ಲಟ್ಟಣಿಗೆಯ ಕಡೆ ತಿರುಗಿದ.

ಅವಳು ಒಳಗೆ ಬರಲಾರದೆ ಹೊರಗೇ ನಿಂತಳು. ಕಾಜಾದಕ್ಕ ಮೆಲ್ಲಗೆ ಹೇಳಿದಳು. "ಕುಡಿಯೋರಿಗೆ ಈ ಸಂಜೆ ಹೊತ್ತೇ ಕಷ್ಟ ಅಂತೆ. ಕೈ ಖಾಲಿ ಇರಬಾರದು ಅಂತ ನಿಮ್ಮ ಮಗನೇ ಇವರನ್ನ ಅಡುಗೆಗೆ ಕೂರಿಸ್ದ. ಚಳಿಗಾಲ ಕಳೆದಾಗಿಂದ ಹೀಗೇನೆ. ನಡುವೆ ಎರಡು ಸಲ ಇವರು ಜಾರಿದ್ರು. ಮಾರನೇ ದಿನ ಏನೂ ಆಗದ ಹಾಗೆ ಇವನು ಬಂದು ಹಿಟ್ಟು ಕಲಸಿದ."

"ಏನು ಹೇಳ್ತಾನೆ ಇವನು? ಪ್ರಾರ್ಥನೆ ಮಾಡಿಸ್ತಾನಾ?"

"ಇಲ್ಲ. ಊಟಕ್ಕೆ ಮುಂಚೆ ತಾನು ಒಂದು ಗಳಿಗೆ ಕಣ್ಣು ಮುಚ್ಕೋತಾನೆ. ಇವರು ನೋಡ್ಕೊಂಡು ತಾವೂ ಮುಚ್ಕೋತಾರೆ. ಅಷ್ಟೆ."

"ನೀನು ನನ್ನ ಹತ್ರ ದಿನಾ ಕೂರ್ತೀಯ. ಒಂದು ಮಾತು ಹೇಳಲಿಲ್ಲವಲ್ಲೇ."

ಕಾಜಾದಕ್ಕ ಸೊಪ್ಪಿನ ಕಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಅವನೇ ಬೇಡ ಅಂದ. ಅಮ್ಮನಿಗೆ ಗೊತ್ತಾದ್ರೆ ಚರ್ಚಲ್ಲಿ ಹೇಳಿಬಿಡ್ತಾಳೆ ಅಂದ."

ಟೈಲರಮ್ಮ ಮನೆಯ ದಾರಿ ಹಿಡಿದಳು. ನೆಲ ಬಾಯಿಬಿಟ್ಟರೆ ಇಳಿದುಹೋಗಬಹುದಿತ್ತು. ಬೀದಿ ಮಾತ್ರ ಎಂದಿನ ಬೀದಿಯಾಗಿಯೇ ಇತ್ತು, ಸೈಕಲ್ಲುಗಳು ಗಂಟೆ ಬಾರಿಸುತ್ತ ಅವಳನ್ನು ಬಳಸಿಕೊಂಡು ಹೋದವು.

ಬೆಳಿಗ್ಗೆ ಎದ್ದವಳೇ ಶಾಲೆಗೆ ಹೋದಳು. ಶೆಡ್ಡಿನ ಮೂಲೆಯ ಕೋಣೆಯಲ್ಲಿ ಮ್ಯಾನೇಜರು ಚಹಾ ಕುಡಿಯುತ್ತಿದ್ದ. ಕೂರಿ ಎಂದರೂ ಅವಳು ಕೂರಲಿಲ್ಲ.

"ನನ್ನ ಮಗ ಕುಡಿದು ಬಸ್ಸು ಓಡಿಸಿಲ್ಲ. ನಾನು ಚರ್ಚಲ್ಲಿ ಹೇಳಿದ್ದು ಸುಳ್ಳು. ಆ ದಿನ ಅವನು ಬಸ್ಸು ಮುಟ್ಟದೆ ಮನೆಗೆ ಬಂದ."

ಮ್ಯಾನೇಜರು ಲೋಟ ಕೆಳಗಿಟ್ಟ. ಅವನು ಒರಟನಲ್ಲ, ಬಳಲಿದವನು. "ಅಮ್ಮ, ಆ ದಿನ ಜ್ವರ ಅಂತ ಫೋನ್ ಮಾಡಿದ್ದು ನೀವೇ ತಾನೆ?"

"ಹೌದು."

"ಜ್ವರ ಇತ್ತಾ?"

"ಇರಲಿಲ್ಲ."

"ಅಂದ್ರೆ ಅದೂ ಸುಳ್ಳು. ಚರ್ಚಲ್ಲಿ ದೇವರ ಮುಂದೆ ನಿಂತು ಹೇಳಿದ್ದು ಸುಳ್ಳು. ಈಗ ಮಗನ ಕೆಲಸ ಹೋದ ಮೇಲೆ ಹೇಳ್ತಿರೋದು ನಿಜ. ನಾನು ಆ ತಾಯಂದಿರಿಗೆ ಏನಂತ ಹೇಳಲಿ? ನೀವೇ ಹೇಳಿಕೊಡಿ."

ಅವಳ ಜೀವಮಾನದಲ್ಲಿ ಮೊದಲ ಸಲ, ಅತ್ಯಂತ ಬೇಕಾದ ಹೊತ್ತಿನಲ್ಲಿ, ನಾಲಿಗೆ ಒಣಗಿ ಅಂಟಿಕೊಂಡಿತ್ತು. "ನಿಜಾನೇ ಹೇಳ್ತಿದೀನಿ" ಎಂದಳು ಮತ್ತೆ. ಆ ಮಾತು ಅವಳ ಕಿವಿಗೇ ಸುಳ್ಳುಗಾರರ ಮಾತಿನಂತೆ ಕೇಳಿಸಿತು.

ಅಲ್ಲಿಂದ ಪಾದ್ರಿಗಳ ಮನೆಗೆ ಹೋದಳು. ಅವರು ಬಾಗಿಲಲ್ಲೇ ಮುಖವರಳಿಸಿ, "ನಾನೇ ಬರೋಣ ಅಂತಿದ್ದೆ! ಬೇರೆ ಎರಡು ಚರ್ಚಿನವರು ನಿಮ್ಮ ಸಾಕ್ಷಿ ಕೇಳಬೇಕಂತೆ" ಎಂದರು. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಅವರ ಮುಖದ ಬೆಳಕು ಇಳಿಯುತ್ತ ಬಂತು.

"ನಾನು ಕೇಳಬೇಕಿತ್ತು" ಎಂದರು ಕೊನೆಗೆ. "ಆ ಕಥೆ ನನಗೂ ಬೇಕಿತ್ತು, ಅದಕ್ಕೇ ನಿಜಾನಾ ಅಂತ ಕೇಳಲಿಲ್ಲ. ಭಾನುವಾರ ನಿಮಗೆ ಮಾತಾಡಕ್ಕೆ ಜಾಗ ಬಿಡ್ತೀನಿ. ಸುಲಭ ಆಗಲ್ಲ."

ಆ ವಾರವೆಲ್ಲ ಟೈಲರಮ್ಮ ಹೊಲಿಯುತ್ತಲೇ ಮಾತು ಕಟ್ಟಿದಳು. ಎಲ್ಲಿಂದ ಶುರುಮಾಡುವುದು, ಎಲ್ಲಿ ನಿಲ್ಲಿಸುವುದು, ಎಲ್ಲಿ ದನಿ ಇಳಿಸುವುದು. ಶನಿವಾರ ಅತ್ತೆಗೆ ಬ್ರೆಡ್ಡು ನೆನೆಸಿ ತಿನ್ನಿಸುವಾಗ ಒಂದು ಸಲ ಹೇಳಿ ತೋರಿಸಿದಳು. 'ನಾನೊಬ್ಬ ಪಾಪಿ ತಾಯಿ' ಎಂಬಲ್ಲಿಗೆ ಬಂದಾಗ ಅವಳ ಕಣ್ಣಲ್ಲಿ ನೀರು ಬಂತು.

ಅತ್ತೆ ನುಂಗಿಕೊಂಡು ಹೇಳಿದಳು. "ಚೆನ್ನಾಗಿದೆ. ಇದಕ್ಕೂ ಅಳ್ತಾರೆ ಜನ. ಹೋದ ಸಲಕ್ಕಿಂತ ಜಾಸ್ತಿ ಅಳ್ತಾರೆ."

ಟೈಲರಮ್ಮನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

"ನೀನು ಒಳ್ಳೇ ಸೊಸೆ" ಎಂದಳು ಮುದುಕಿ, ಎಂದೂ ಹೇಳದ ಮಾತು. "ನನ್ನ ಹಾಸಿಗೆ ಬಟ್ಟೆ ಒಗೀತೀಯ, ಬೇಸರ ತೋರಿಸಲ್ಲ. ಅದನ್ನ ಯಾರಿಗೂ ಹೇಳಿಕೊಂಡಿಲ್ಲ. ಹಂಗೇ ಇದನ್ನೂ ಮುಗಿಸು. ಮಾತು ಕಮ್ಮಿ ಮಾಡು."

ಭಾನುವಾರ ಅವಳು ಎದ್ದು ನಿಂತಾಗ ಜನ ಮುಂದಕ್ಕೆ ಬಾಗಿ ಕೂತರು. ಅವಳು ಹೇಳಿದ್ದು ಇಷ್ಟು: "ಹೋದ ಸಲ ನಾನು ಸುಳ್ಳು ಹೇಳಿದೆ. ನನ್ನ ಮಗ ಕುಡಿದು ಬಸ್ಸು ಹತ್ತಲಿಲ್ಲ. ಕೈ ನಡುಗುತ್ತೆ ಅಂತ ತಾನೇ ಬಿಟ್ಟು ಮನೆಗೆ ಬಂದ. ಯಾರೂ ಬ್ರೇಕು ಹಾಕಲಿಲ್ಲ; ಬಸ್ಸೇ ಹೊರಡಲಿಲ್ಲ. ನಾನು ಮೊಣಕಾಲೂರಿರಲಿಲ್ಲ, ಕಾಲರು ಹೊಲೀತಿದ್ದೆ. ಕೇಳಕ್ಕೆ ಚೆನ್ನಾಗಿರಲಿ ಅಂತ ಹೇಳಿದೆ. ನನ್ನಿಂದ ಅವನ ಕೆಲಸ ಹೋಯ್ತು."

ಯಾರೂ ಅಳಲಿಲ್ಲ. ಹಿಂದಿನ ಸಾಲಿನ ಹೆಂಗಸೊಬ್ಬಳು, ಹೋದ ಸಲ ಅತ್ತು ಕರ್ಚೀಫು ಹಿಂಡಿದವಳು, ಮೋಸಹೋದವಳ ಹಾಗೆ ಅವಳನ್ನು ದುರುಗುಟ್ಟಿ ನೋಡಿದಳು. ಹೊರಗೆ ಬರುವಾಗ ಕೈಕುಲುಕುವವರು ಅವಳನ್ನು ಬಿಟ್ಟು ಆಚೆಯವರ ಕೈ ಹಿಡಿದರು. ಮಗ ಬಂದಿರಲಿಲ್ಲ. ಸೊಸೆ ಬಂದಿದ್ದಳು, ದಾರಿಯುದ್ದಕ್ಕೂ ಪಕ್ಕದಲ್ಲೇ ನಡೆದಳು. ಮನೆ ಹತ್ತಿರ ಬಂದಾಗ, "ಆಲೂಗಡ್ಡೆ ಸುಲೀತೀರಾ, ನಾನು ಹಿಟ್ಟು ಕಲಸ್ತೀನಿ" ಎಂದಳು. ಆ ಜಗಳದ ಮೇಲೆ ಅವಳು ಟೈಲರಮ್ಮನಿಗೆ ಆಡಿದ ಮೊದಲ ಮಾತು ಅದು.

ವಾರಗಳು ಕಳೆದವು. ಯೂನಿಫಾರ್ಮು ಹೊಲಿಸುವವರು ಕೆಲವರು ಬೇರೆ ಅಂಗಡಿ ಹಿಡಿದರು. ತಾಯಂದಿರಲ್ಲಿ ಕೆಲವರು ನಂಬಿದರು, ಕೆಲವರು ನಂಬಲಿಲ್ಲ. ಮ್ಯಾನೇಜರು ಮಗನನ್ನು ಕರೆಸಿ, ಬಸ್ಸು ಕೊಡಲಾರೆ, ಶೆಡ್ಡಿನಲ್ಲಿ ಗ್ರೀಸು ಹಚ್ಚುವ, ಬಸ್ಸು ತೊಳೆಯುವ ಕೆಲಸವಿದೆ ಎಂದ. ಮಗ ಒಪ್ಪಿಕೊಂಡ. ಬೆಳಿಗ್ಗೆ ಮಕ್ಕಳು ಹತ್ತುವಾಗ ಅವನು ಚಕ್ರಗಳ ನಡುವೆ ಮಲಗಿರುತ್ತಿದ್ದ. ಅವುಗಳ ಬೂಟು ಮಾತ್ರ ಕಾಣುತ್ತವೆ ಎಂದು ಹೆಂಡತಿಗೆ ಹೇಳಿದ್ದನ್ನು ಟೈಲರಮ್ಮ ಅಡುಗೆಮನೆಯಿಂದ ಕೇಳಿಸಿಕೊಂಡಳು. ಅವನು ಅವಳ ಜೊತೆ ಮಾತು ಬಿಟ್ಟಿರಲಿಲ್ಲ. ಉಪ್ಪು ಕೊಡು, ಅಜ್ಜಿಗೆ ಔಷಧಿ ತಂದೆ, ಗ್ಯಾಸು ಮುಗೀತು. ಇಷ್ಟೇ. ಮೊದಲು ಬಂದ ತಕ್ಷಣ ಮಷೀನಿನ ಪಕ್ಕ ಕೂತು ದಿನದ ಕಥೆಯೆಲ್ಲ ಹೇಳುತ್ತಿದ್ದವನು ಈಗ ನೇರ ಒಳಗೆ ಹೋಗುತ್ತಿದ್ದ. ಯಾಕೆ ಎಂದು ಅವಳು ಕೇಳುವಂತಿರಲಿಲ್ಲ.

ಒಂದು ದಿನ ಪಾದ್ರಿಗಳ ಹೆಂಡತಿ ಪರದೆಯ ಬಟ್ಟೆ ತೆಗೆದುಕೊಂಡು ಅಂಗಡಿಗೆ ಬಂದಳು. ಒಳ್ಳೆಯ ಹೆಂಗಸು, ನಡೆದದ್ದರ ಬಗ್ಗೆ ಒಂದು ಮಾತೂ ಎತ್ತದೆ ಅಳತೆ ಕೊಟ್ಟಳು. ಹೊರಡುವಾಗ ನೆನಪಾಗಿ ಕೇಳಿದಳು. "ಅಂದಹಾಗೆ, ನಮ್ಮ ಮನೆಗೆ ಬಣ್ಣ ಹೊಡಿಯಕ್ಕೆ ಬಂದಿದ್ದನಲ್ಲ ಆ ಪೇಂಟರು, ಈಗ ಪೂರಾ ಕುಡಿತ ಬಿಟ್ಟಿದಾನಂತೆ? ಅದಕ್ಕೆ ನಿಮ್ಮ ಮಗನೇ ಕಾರಣ ಅಂತ ಯಾರೋ ಅಂದ್ರು. ನಿಜಾನಾ? ಇಂಥದ್ದು ಕೇಳಿದ್ರೆ ಜನಕ್ಕೆ ಧೈರ್ಯ ಬರುತ್ತೆ. ಏನಾಯ್ತು ಹೇಳಿ."

ಕಾಜಾದಕ್ಕನ ಸೂಜಿ ಬಟ್ಟೆಯ ಒಳಗೆ ಅರ್ಧ ಹೋಗಿ ನಿಂತಿತು.

ಟೈಲರಮ್ಮನ ಬಾಯಲ್ಲಿ ಎಲ್ಲವೂ ಸಾಲಾಗಿ ಬಂದು ನಿಂತಿದ್ದವು. ಹಿಟ್ಟು ಮೆತ್ತಿದ ಕೈಗಳು, ಸೊಟ್ಟ ರೊಟ್ಟಿ, ಮುಚ್ಚಿದ ಕಣ್ಣುಗಳು. ಒಂದಕ್ಕೂ ಉಪ್ಪುಖಾರ ಬೇಕಿರಲಿಲ್ಲ. ತನ್ನ ಮಗ ಎಂಥವನೆಂದು ಊರಿಗೆಲ್ಲ ತಿಳಿಯುತ್ತಿತ್ತು, ಮುರಿದದ್ದು ಕೂಡಿಕೊಳ್ಳುತ್ತಿತ್ತು. ತಾನು ಅದನ್ನು ಹೇಳಲು ಎಷ್ಟು ಆಸೆಪಡುತ್ತಿದ್ದೇನೆ ಎಂದು ಅರಿವಾಗಿ ಅವಳ ಮುಖ ಬಿಸಿಯಾಯಿತು.

"ಅದು ಅವರವರ ಮನೆ ವಿಷ್ಯ ಅಮ್ಮನವರೇ" ಎಂದಳು. "ನಾನು ಹೇಳೋದಲ್ಲ. ಪರದೆಗೆ ನೆರಿಗೆ ದಪ್ಪ ಬೇಕಾ, ಸಣ್ಣ ಸಾಕಾ?"

ಪಾದ್ರಿಗಳ ಹೆಂಡತಿ ಒಂದು ಗಳಿಗೆ ಅವಳನ್ನು ನೋಡಿ, "ಸಣ್ಣ ಸಾಕು" ಎಂದು ಹೊರಟುಹೋದಳು.

ಟೈಲರಮ್ಮ ಬಗ್ಗಿ ಬಟ್ಟೆ ಮಡಿಚತೊಡಗಿದಳು. ಕಾಜಾದಕ್ಕನ ಕಡೆ ನೋಡುವ ಧೈರ್ಯವಾಗಲಿಲ್ಲ.

"ಸಂಜೆ ನಮ್ಮನೆಗೆ ಊಟಕ್ಕೆ ಬನ್ನಿ" ಎಂದಳು ಕಾಜಾದಕ್ಕ, ಕೈಯ ಕೆಲಸದಿಂದ ಕಣ್ಣೆತ್ತದೆ. "ನಾಲ್ಕು ರೊಟ್ಟಿ ಜಾಸ್ತಿ ಹಾಕಿ ಅಂತ ಇವರಿಗೆ ಹೇಳಿರ್ತೀನಿ."

"ನಾನಾ? ಅವನು ಇರ್ತಾನಲ್ಲ. ಅವನಿಗೆ ಇಷ್ಟ ಆಗುತ್ತೋ ಇಲ್ವೋ."

"ನಿನ್ನೆ ಅವನನ್ನ ಕೇಳಿದೆ."

"ಏನಂದ?"

"ಕೂರಕ್ಕೆ ಇನ್ನೊಂದು ಮಣೆ ಇದೆಯಾ ಅಂತ ಕೇಳ್ದ."